ಮೊದಲಿನ ಐವತ್ತು ಸಾವಿರ

ಕಪನೂರಿನ ದಾಲ್‌ಮಿಲ್ಲಿನಾಗ ಲೆಕ್ಕ ಬರಿಯಾಕಿ ನಾನು.
ತೊಗರಿ ಎಷ್ಟು ಬಂತು, ಬ್ಯಾಳಿ ಎಷ್ಟಾತು,
ನುಚ್ಚೆಷ್ಟು, ಹೊಟ್ಟೆಷ್ಟು,
ಗಾಳಿಗೆ ಹಾರಿ ಹೋಗಿದ್ದೆಷ್ಟು,
ಅದಕ್ಕೂ ಒಂದು ಕಾಲಂ ಅದ ನನ್ನ ಬುಕ್ಕಿನಾಗ.

ಇವತ್ತು ಸಂಜಿಮುಂದ ಅಂಬಾರಾಯ ಬಂದಿದ್ದ,
ಬಗಲಾಗ ಆರೋಗ್ಯ ವಿಮಾದ ಕಾಗದ.
ಕಟ್ಟಿ ಮ್ಯಾಲ ಹರವಿದ.
ಗಾಳಿ ಭಾಳಿತ್ತು, ಚಹಾದ ಕಪ್ಪು ಹೇರಿದ.
"ಅಕ್ಕೋರೆ, ಇದು ಬಂಗಾರ, ಇದು ಬೆಳ್ಳಿ,
ಇದು ನಿಮ್ಮಂಥೋರಿಗೆ."
ನಮ್ಮಂಥೋರು ಅಂದ್ರ ಯಾರಪ್ಪಾ ಅಂತ ಕೇಳಲಿಲ್ಲ.
ಸಣ್ಣ ಅಕ್ಷರ ಇರೋ ಕಡಿಂದ ಓದಾಕ ಹತ್ತಿದೆ.
ಚೀಲದ ಬಾಯಾಗ ಎಲ್ಲಾ ತೊಗರಿನೂ ಚಂದ;
ನಡುವಿಗೆ ಕೊಳವಿ ಚುಚ್ಚಿದ್ರ ಹುಳ ಹೊರಗ.

ಮೂರನೇ ಪುಟದಾಗ ಸಿಕ್ತು ಮೊದಲನೇದು:
ರೂಮಿನ ಬಾಡಗಿ ದಿನಕ್ಕ ಇಷ್ಟೇ.
ಮೀರಿದ್ರ?
ಡಾಕ್ಟರ್ ಫೀಸಿನಾಗೂ ಕಡಿತ, ಆಪರೇಷನ್ನಿನಾಗೂ ಕಡಿತ.
ಹಾಸಿಗಿ ಇದ್ದಷ್ಟು ಕಾಲು ಚಾಚು ಅಂದ್ರು ಹಿರೇರು,
ಇವರು ಹಾಸಿಗಿ ದೊಡ್ಡದಾದ್ರ ಕಾಲೇ ಕಡಿತಾರ.

ಎರಡನೇದು: ಮೊದಲೇ ಇದ್ದ ಬ್ಯಾನಿಗೆ
ಮೂರು ವರ್ಷ ತಾಳ್ರಿ ಅನ್ನೂದು.
ಇದು ನನಗ ತಿಳೀತು.
ತೊಗರಿಗೆ ಎಣ್ಣಿ ಹಚ್ಚಿ ರಾತ್ರಿ ಬಿಡ್ತೀವಿ, ಬಿಸಿಲಿಗೆ ಹರವ್ತೀವಿ;
ಅವಸರ ಮಾಡಿದ್ರ ಸೊಪ್ಪು ಬಿಡಂಗಿಲ್ಲ,
ನುಚ್ಚಾಗ್ತದ.

ನನ್ನ ಗಂಡ ಲಾಲಪ್ಪ
ಶಹಾಬಾದ ಕಲ್ಲಿನ ಮನಿಯಾಗ ಹುಟ್ಟಿ ಬೆಳದಾಂವ,
ಸಾಲಲಿಲ್ಲಂತ ಪಿತ್ತಕೋಶದಾಗೂ ಒಂದು ಕಲ್ಲು ಇಟ್ಕೊಂಡಿದ್ದ.
ತೆಗಿಸಾಕ ನಲವತ್ತೈದು ಸಾವಿರ.
ಮಾಲಕರು ಕೊಟ್ರು, ಇಲ್ಲ ಅನ್ನಂಗಿಲ್ಲ.
ಆಮ್ಯಾಲ ಹದಿನೆಂಟು ತಿಂಗಳು
ಪಗಾರ ಪುಸ್ತಕದಾಗ, ನನ್ನ ಹೆಸರಿನ ಮುಂದ,
ನನ್ನ ಕೈಲೇ ಬರದೆ:
ಮುಂಗಡ ಕಡಿತ, ಎರಡು ಸಾವಿರದ ಐನೂರು.
ಅಕ್ಷರ ದುಂಡಗ ಬರಲಿ ಅಂತ ನೋಡ್ಕೊಂಡೆ.

ಹತ್ತೊಂಬತ್ತನೇ ತಿಂಗಳು ಸಾಲ ಇಲ್ಲ,
ಖರೆ, ಕೈ ನಿಲ್ಲಲಿಲ್ಲ.
ನನ್ನ ಪಗಾರ ನಾನೇ ಕಡಿದು
ಪೋಸ್ಟಾಫೀಸಿಗೆ ಹಾಕಿದೆ, ಅಷ್ಟೇ ರೊಕ್ಕ.
ಪಾಸ್‌ಬುಕ್ಕಿನ ಮ್ಯಾಲ ಬರದೀನಿ: ದವಾಖಾನಿ.
ಮಗಳ ಜಾವಳಕ್ಕ ಮುಟ್ಟಲಿಲ್ಲ, ನಾದಿನಿ ಮದುವಿಗೆ ಮುಟ್ಟಲಿಲ್ಲ.
ಒಮ್ಮೆ ಮಾತ್ರ ಕೂಲರ್ ತಂದೆ.
ಮೇ ತಿಂಗಳ ಕಲಬುರಗಿ ಅದೂ ಒಂದು ಬ್ಯಾನೀನೇ ಅಂತ
ನನ್ನ ಕ್ಲೇಮು ನಾನೇ ಪಾಸ್ ಮಾಡಿದೆ.

ಕಪ್ಪು ಎತ್ತಿದ್ರ ತಳದಾಗ ಇನ್ನೊಂದು ಕಾಗದ,
ಅಂಬಾರಾಯ ತೋರಿಸದೇ ಬಿಟ್ಟಿದ್ದು,
ಚಹಾದ ಗುಂಡನ ಕಲಿ ಬಿದ್ದಿತ್ತು.
ವರ್ಷದಾಗ ಮೊದಲಿನ ಐವತ್ತು ಸಾವಿರ ನೀವು ಕೊಡ್ರಿ,
ಅದರ ಮ್ಯಾಲಿಂದು ನಮ್ಮದು.
ಕಂತು ಅರ್ಧಕ್ಕಿಂತ ಕಡಿಮಿ.
"ಅದು ಬ್ಯಾಡ್ರಿ ಅಕ್ಕೋರೆ, ಐವತ್ತು ಎಲ್ಲಿಂದ ತರ್ತೀರಿ?"
ಒಳಗ ಹೋಗಿ ಪಾಸ್‌ಬುಕ್ ತಂದು
ಬಂಗಾರದ ಮ್ಯಾಲ ಇಟ್ಟೆ.
ಐವತ್ತೆರಡು ಸಾವಿರದ ಮುನ್ನೂರ ನಲವತ್ತು.
ಸಣ್ಣ ಮಳಿಗೆ ನನ್ನ ಛತ್ರಿ ಅದ ತಮ್ಮಾ,
ಮಾಳಿಗಿ ಬೀಳೂ ಮಳಿಗಷ್ಟೇ ನೀ ಬೇಕು.

ಫಾರ್ಮ್ ತುಂಬೂಮುಂದ ಅವನ ಪೆನ್ನು ಒಂದು ಸಾಲಿಗೆ ನಿಂತ್ತು.
ಈಗಾಗಲೇ ಇರುವ ರೋಗಗಳು: ಹೌದು, ಇಲ್ಲ.
"ಇಲ್ಲ ಅಂತ ಹಾಕ್ಲಾ? ಯಾರು ನೋಡ್ತಾರ."
ಒಳಗ ಲಾಲಪ್ಪ ಕೆಮ್ಮಿದ.
ಅವನ ಶುಗರಿಗೆ ಈಗ ನಾಕು ವರ್ಷ,
ನಮ್ಮ ಮಗಳಿಗಿಂತ ಒಂದು ವರ್ಷ ಸಣ್ಣದು.
ಅದೂ ಮನಿಯಾಗೇ ಬೆಳಿಯಾಕತ್ಯದ,
ಅದನ್ನ ಹೆಂಗ ಇಲ್ಲ ಅನ್ನಲಿ?
ಒದ್ದಿ ಮಾಲು ಒಣಾ ಅಂತ ಬರದಾಂವ
ತೂಕದ ಕಟ್ಟಿ ಮ್ಯಾಲ ಸಿಕ್ಕೇ ಸಿಗ್ತಾನ.
ಪೆನ್ನು ಇಸ್ಕೊಂಡೆ. ಹೌದು.
ಕಂತು ಏರ್ತು.
ಏರಲಿ.

ಅಂಬಾರಾಯನ ಗಾಡಿ ಓಣಿ ದಾಟಿತು.
"ಏನು ಬರದಿ ನನ್ನ ಬಗ್ಗೆ?" ಅಂದ ಲಾಲಪ್ಪ.
ಇದ್ದದ್ದು, ಅಂದೆ.
ಇವತ್ತಿನಿಂದ ಮೂರು ವರ್ಷ.
ಅಲ್ಲಿತನಕ ಅಂಗಳಕ್ಕ ಹೋದ್ರೂ
ಕಾಲಾಗ ಚಪ್ಪಲಿ ಹಾಕ್ಕೋ ಮಾರಾಯಾ,
ಮುಳ್ಳು ಗಿಳ್ಳು ಇರ್ತದ.